ಏಳನೇ ವಾರ್ಡಿನ ಪಾಲು

ಮಗ್ಗಿ ಹೇಳಿಸುತ್ತಿರುವಾಗ ತರಗತಿಯ ಅರ್ಧ ಮಕ್ಕಳು ಒಮ್ಮೆಲೇ ಕೆನ್ನೆ ಹಿಡಿದುಕೊಂಡರೆ, ಏಳನೇ ವಾರ್ಡಿನಲ್ಲಿ ಯಾರದೋ ದವಡೆ ಹಲ್ಲು ಕೆಟ್ಟಿದೆ ಎಂದು ನನಗೆ ತಿಳಿಯುತ್ತಿತ್ತು. ನಾನೂ ಅದೇ ವಾರ್ಡಿನವಳಾದ್ದರಿಂದ ನನ್ನ ಕೆನ್ನೆಯೂ ಜುಂ ಎನ್ನುತ್ತಿತ್ತು. ಸಾವಿರದ ಒಂಬೈನೂರು ಜನಕ್ಕೆ ಹಂಚಿಹೋದ ಹಲ್ಲುನೋವು ಎಷ್ಟಿದ್ದೀತು? ಇರುವೆ ಕಡಿದಷ್ಟು. ಮಗ್ಗಿಯಿಂದ ತಪ್ಪಿಸಿಕೊಳ್ಳಲು ಮಕ್ಕಳಿಗೆ ಅಷ್ಟು ಸಾಕಾಗಿತ್ತು. "ಕೈ ತಗೀರೋ ಕಳ್ಳರಾ, ನಿಮಗ ಎಷ್ಟ ಐತಿ ನನಗೂ ಅಷ್ಟ ಐತಿ. ಹದಿಮೂರೈದ್ಲೆ ಎಷ್ಟು?" ಎಂದು ನಾನು ಬೆತ್ತ ಎತ್ತುತ್ತಿದ್ದೆ. ಬೇರೆ ವಾರ್ಡಿನ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಮರುದಿನ ಅವರ ವಾರ್ಡಿನಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ನಗುವ ಸರದಿ ನಮ್ಮದು.

ನಮ್ಮೂರಲ್ಲಿ ಒಬ್ಬರ ನೋವು ವಾರ್ಡಿಗೆಲ್ಲ ಸಮಪಾಲು. ಹೊಳೆಯ ಸೇತುವೆ ದಾಟಿ ಆಚೆಯ ಗಡಿಕಲ್ಲು ಕಳೆದರೆ ಮಾತ್ರ ಅವರವರ ನೋವು ಅವರವರಿಗೆ. ತಿರುಗಿ ಬಂದು ಮೊದಲು ಯಾವ ಮನೆಯ ಹೊಸ್ತಿಲು ತುಳಿಯುತ್ತೇವೋ ಆ ಮನೆಯ ವಾರ್ಡಿನ ಲೆಕ್ಕಕ್ಕೆ ಸೇರುತ್ತೇವೆ. ಅದಕ್ಕೇ ಹೊಸ ಸೊಸೆಯನ್ನು ಸೇತುವೆಯಿಂದ ಸೀದಾ ಗಂಡನ ಮನೆಗೇ ಕರೆದೊಯ್ಯುತ್ತಾರೆ, ದಾರಿಯಲ್ಲಿ ಯಾರು ಎಷ್ಟೇ ಪ್ರೀತಿಯಿಂದ ಚಹಾಕ್ಕೆ ಕರೆದರೂ ಒಳಗೆ ಬಿಡುವುದಿಲ್ಲ. ಯಾರ ಮನೆಯ ನೋವೋ ಅವರು ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕು, ವಾಸಿಯಾದ ಮೇಲೆ ವಾರ್ಡಿನ ಮನೆಮನೆಗೆ ಬೆಲ್ಲದ ಚೂರು ಕಳಿಸಬೇಕು. ಹೆರಿಗೆ, ಗಾಯ, ಊದಿದ ಕೆನ್ನೆ ಕಣ್ಣಿಗೆ ಕಾಣುತ್ತವೆ, ಆದ್ದರಿಂದ ತಕರಾರಿಲ್ಲ. ಮೈಯೊಳಗಿನ ನೋವಿನ ಮಾತೇ ಬೇರೆ. ಹುಟ್ಟಿದ ಗಳಿಗೆಯಿಂದಲೇ ಅದು ಎಲ್ಲರಿಗೂ ಸಮನಾಗಿ ಹಂಚಿಹೋಗುವುದರಿಂದ, ಅದರ ಯಜಮಾನನಿಗೂ ತನ್ನದೆಂದು ಗೊತ್ತಾಗುವುದಿಲ್ಲ. ಅಂಥದ್ದಕ್ಕೆ ನಾವು ನಮಗೆ ತೋಚಿದ ಬಾಗಿಲನ್ನು ತೋರಿಸುತ್ತಿದ್ದೆವು.

ಪಾರವ್ವನ ಬಾಗಿಲನ್ನು ತೋರಿಸಿದ್ದು ಹಾಗೆಯೇ. ಅವಳದು ವಾರ್ಡಿನ ಮೂಲೆಮನೆ. ಒಂಟಿ ಹೆಂಗಸು, ಗೋಡೆಗೆ ಸುಣ್ಣ ಹಚ್ಚುವುದು ಅವಳ ಕಸುಬು. ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಗೋಡೆಗೆ ಸುಣ್ಣ ಹಚ್ಚುತ್ತಿದ್ದವಳು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಆ ಕ್ಷಣಕ್ಕೆ ವಾರ್ಡಿಗೆ ವಾರ್ಡೇ ಹಾ ಎಂದಿತು. ಕೆಂಪು ಬಟ್ಟೆ ಕಟ್ಟಿದಳು, ಎರಡು ತಿಂಗಳಿಗೆ ಬೆಲ್ಲವನ್ನೂ ಕಳಿಸಿದಳು. ಆದರೆ ಬೆಲ್ಲ ತಿಂದ ಮೇಲೂ ಸೊಂಟದ ಎಡಕ್ಕೆ ಸಣ್ಣಗೆ ಏನೋ ಉಳಿದುಕೊಂಡಿತು. ಅವಳು ಕೋಲು ಹಿಡಿದು ನೆಲ ನೋಡುತ್ತ ನಡೆಯುವುದು ಎಲ್ಲರಿಗೂ ಕಾಣುತ್ತಿತ್ತು, ಹೀಗಾಗಿ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೆಳಿಗ್ಗೆ ನಳದ ಹತ್ತಿರ ಹೆಂಗಸರು, "ಇವತ್ತ ಪಾರವ್ವ ಜೋರಾಗ್ಯಾಳ," ಎನ್ನುತ್ತಿದ್ದರು, ಬಿಸಿಲು ಜೋರು ಎನ್ನುವ ಹಾಗೆ. ಎರಡು ವರ್ಷದ ನೋವಿಗೆ ಒಂದೇ ಸಲ ಬೆಲ್ಲ ಕೊಟ್ಟಳೆಂಬ ಸಿಟ್ಟು ಬೇರೆ.

ಹೀಗಿರುವಾಗ ವಾರ್ಡುಗಳ ಗಡಿಯನ್ನು ಹೊಸದಾಗಿ ಗುರುತಿಸುವ ಕರಡು ನಕ್ಷೆಯನ್ನು ಪುರಸಭೆಯ ಫಲಕಕ್ಕೆ ಅಂಟಿಸಿದರು. ಪ್ರತಿ ವಾರ್ಡಿನಲ್ಲಿ ಹದಿಮೂರು ನೂರರ ಆಸುಪಾಸು ಜನ ಇರಬೇಕು, ಸಾರ್ವಜನಿಕರು ಹದಿನೈದು ದಿನದೊಳಗೆ ಸಲಹೆ, ಆಕ್ಷೇಪಣೆ ಸಲ್ಲಿಸಬಹುದು ಎಂದು ಕೆಳಗೆ ಬರೆದಿತ್ತು. ನಮ್ಮದು ದೊಡ್ಡ ವಾರ್ಡು. ಗಾಣದ ಓಣಿಯ ಐನೂರ ಎಂಬತ್ತೆಂಟು ಮಂದಿಯನ್ನು ಎಂಟನೇ ವಾರ್ಡಿಗೆ ಹಾಕಿದ್ದರು. ಜನ ಕಡಿಮೆಯಾದರೆ ಪಾಲು ಹೆಚ್ಚಾಗುತ್ತದೆ ಎಂದು ಮೊದಲು ಎಲ್ಲರೂ ಕೂಗಾಡಿದರು. ಆಮೇಲೆ ನಮ್ಮ ವಾರ್ಡಿನ ಸದಸ್ಯ, ಹಿಟ್ಟಿನ ಗಿರಣಿಯ ರಾಚಣ್ಣ ನನ್ನ ಮನೆಗೆ ಬಂದ. ದನಿ ಏರಿಸಿ ಮಾತಾಡಿ ಗೊತ್ತಿಲ್ಲದ ಮನುಷ್ಯ, ಕೂತಲ್ಲಿಂದಲೇ ಎಲ್ಲರನ್ನೂ ತನ್ನ ಕಡೆ ಮಾಡಿಕೊಳ್ಳುವವನು.

"ಅಕ್ಕೋರ, ಗಾಣದ ಓಣಿ ಹೋದ್ರ ಹೋಗ್ಲಿ ಬಿಡ್ರಿ. ಅದರ ಜೋಡಿ ಮೂಲಿಮನಿನೂ ಹೋತಂದ್ರ ನಮಗೇನು ನಷ್ಟ? ರಸ್ತಾ ದಾಟಿದ್ರ ಹನ್ನೆರಡನೇ ವಾರ್ಡು. ಗೆರಿ ಒಂದಿಷ್ಟು ಈ ಕಡೆ ಸರಿದ್ರ ಆತು. ನಿಮ್ಮ ಅಕ್ಷರ ಮುತ್ತಿನಂಗ ಅದಾವು. ನೀವ ಬರದ್ರ ಸಾಹೇಬ್ರು ಓದ್ತಾರ."

ಹೊಗಳಿಕೆಗೆ ನಾನು ಬೇಗ ಕರಗುವವಳು. ಮೂವತ್ತೆರಡು ವರ್ಷ ಶಾಲೆಯಲ್ಲಿ ದುಡಿದರೂ ನನ್ನ ಅಕ್ಷರವನ್ನು ಮೆಚ್ಚಿದವರು ಕಡಿಮೆ. ಹದಿನೈದು ದಿನದಲ್ಲಿ ಇನ್ನೂರ ಹನ್ನೊಂದು ಅರ್ಜಿ ಬರೆದೆ. ಮೂಲೆಮನೆಯ ಚರಂಡಿಯ ಇಳಿಜಾರು ಹನ್ನೆರಡನೇ ವಾರ್ಡಿನ ಕಡೆಗೆ ಇದೆ ಎಂದು ಒಂದರಲ್ಲಿ, ಆ ಮನೆಗೆ ಅತ್ತಕಡೆಯ ಬೀದಿದೀಪ ಹತ್ತಿರ ಎಂದು ಇನ್ನೊಂದರಲ್ಲಿ, ಸದರಿ ಮಹಿಳೆಯ ಅನುಕೂಲದ ದೃಷ್ಟಿಯಿಂದ ಎಂದು ಹಲವಾರರಲ್ಲಿ. ನೋವು ಎಂಬ ಮಾತು ಒಂದರಲ್ಲೂ ಇರಲಿಲ್ಲ. ಜನ ಸಾಲಾಗಿ ಬಂದು ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು, ಒತ್ತಿದ ಬೆರಳನ್ನು ನನ್ನ ಕಟ್ಟೆಗೆ ಒರೆಸಿ ಹೋದರು.

ಹನ್ನೆರಡನೇ ವಾರ್ಡಿನ ವಿಷಯ ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಜನಗಣತಿ ಮಾಡಿದವಳು ನಾನೇ. ಹೊಳೆಯ ದಂಡೆಯ ಹೊಸ ಬಡಾವಣೆ ಅದು. ಪಟ್ಟಿಯಲ್ಲಿ ಹನ್ನೆರಡು ನೂರು ಚಿಲ್ಲರೆ ಹೆಸರು, ಮನೆಗಳಿಗೆಲ್ಲ ಬೀಗ. ಕಟ್ಟಿಸಿದವರು ಎಲ್ಲೆಲ್ಲೋ ಇದ್ದಾರೆ. ನಿಜವಾಗಿ ಅನ್ನ ಬೇಯಿಸಿ ಉಣ್ಣುವವರು ಹದಿನೇಳು ಮನೆ, ಅರವತ್ತನಾಲ್ಕು ಜನ. ಮನೆ ಕಾಯುವವರು, ಗಾರೆ ಕೆಲಸದವರು, ಅವರ ಮಕ್ಕಳುಮರಿ. ಸಾವಿರದ ಒಂಬೈನೂರು ಜನ ಹೊತ್ತಿದ್ದನ್ನು ಅರವತ್ತನಾಲ್ಕು ಜನರ ಮೇಲೆ ಹಾಕಿದರೆ ಏನಾಗುತ್ತದೆಂದು ಲೆಕ್ಕ ಕಲಿಸುವವಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಎರಡು ವರ್ಷ ಬೆಳಿಗ್ಗೆ ಎದ್ದ ಕೂಡಲೇ ಸೊಂಟ ಹಿಡಿದುಕೊಂಡು ನನಗೂ ಸಾಕಾಗಿತ್ತು.

ಆಕ್ಷೇಪಣೆಗಳ ವಿಚಾರಣೆ ಪುರಸಭೆಯ ಸಭಾಂಗಣದಲ್ಲಿ ನಡೆಯಿತು. ಹೊಳೆಯಾಚೆಯಿಂದ ಒಬ್ಬ ತರುಣ ಅಧಿಕಾರಿ ಬಂದಿದ್ದ. ಇನ್ನೂ ಯಾವ ಮನೆಯ ಹೊಸ್ತಿಲೂ ತುಳಿಯದ ಕಾರಣ ಆರಾಮಾಗಿ ಕೂತಿದ್ದ. ನಡಾವಳಿ ಬರೆಯಲು ನನ್ನನ್ನು ಕೂರಿಸಿದ್ದರು. ಅವನು ಅರ್ಜಿಗಳನ್ನು ತಿರುವಿ ಹಾಕುತ್ತ, "ಎಲ್ಲವೂ ಒಂದೇ ಕೈಬರಹದಲ್ಲಿವೆಯಲ್ಲ," ಎಂದ. ರಾಚಣ್ಣ ಮೆಲ್ಲಗೆ ಎದ್ದು, "ಎಲ್ಲಾರ ಮನಸ್ಸೂ ಒಂದ ಐತ್ರಿ ಸಾಹೇಬ್ರ," ಎಂದ. ಸಭೆ ಚಪ್ಪಾಳೆ ತಟ್ಟಿತು.

ಆ ಚಪ್ಪಾಳೆ ಮುಗಿಯುವ ಮೊದಲೇ ಏಳನೇ ವಾರ್ಡಿನವರೆಲ್ಲ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಮುಂದಕ್ಕೆ ಬಾಗಿದೆವು. ಕಿಬ್ಬೊಟ್ಟೆಯನ್ನು ಯಾರೋ ಹಿಂಡಿದ ಹಾಗಾಯಿತು. ರಾಚಣ್ಣನ ಟೋಪಿ ಕೆಳಗೆ ಬಿತ್ತು. ಅಧಿಕಾರಿ ಗಾಬರಿಯಿಂದ ಎದ್ದು ನಿಂತ. ಪುರಸಭೆಯ ಗುಮಾಸ್ತ ಅವನ ಕಿವಿಯಲ್ಲಿ, "ಕೂತ್ಕೋರಿ ಸರ, ಏಳನೇ ವಾರ್ಡಿನ್ಯಾಗ ಯಾರೋ ಹಡ್ಯಾಕತ್ತಾರ, ಈಗ ಇಳೀತೈತಿ," ಎಂದ. ಹಿಂದಿನ ಸಾಲಿನಲ್ಲಿದ್ದ ಪಾರವ್ವನೂ ನಮ್ಮ ಜೊತೆ ಹಲ್ಲು ಕಚ್ಚಿಕೊಂಡಿದ್ದಳು. ನೋವು ಇಳಿದ ಮೇಲೆ ಅವಳು ಕೋಲೂರಿ ಎದ್ದಳು.

"ನಿಮ್ಮ ಆಕ್ಷೇಪಣೆ ಏನಾದರೂ ಇದೆಯೇ?" ಎಂದು ಅಧಿಕಾರಿ ಕೇಳಿದ.

"ಎಲ್ಲಿ ಹಾಕ್ತೀರಿ ಅಲ್ಲಿ ಇರ್ತೀನ್ರಿ, ನಂದೇನೂ ತಕರಾರಿಲ್ಲ," ಎಂದಳು ಪಾರವ್ವ. "ಒಂದ ಮಾತು. ಗೆರಿ ಹೊಡಿಯೂ ಮುಂಚೆ ಇವರೆಲ್ಲಾ ಒಮ್ಮೆ ಹೊಳಿ ದಾಟಿ ಬರ್ಲಿ."

"ಏ ಕುಂದರ ಪಾರವ್ವ, ವಿಷಯ ಏನೈತಿ, ನೀ ಏನ್ ಮಾತಾಡಾಕತ್ತಿ?" ಎಂದು ಯಾರೋ ಗದರಿದರು. ಸಭೆಯಲ್ಲಿ ಗದ್ದಲವಾಯಿತು. ಅಧಿಕಾರಿ ನನ್ನ ಕಡೆ ನೋಡಿದ. ವಿಷಯಕ್ಕೆ ಸಂಬಂಧಪಡದ ಹೇಳಿಕೆ ಎಂದು ನಾನೇ ತೀರ್ಮಾನಿಸಿ ಆ ಮಾತನ್ನು ನಡಾವಳಿಯಲ್ಲಿ ಬರೆಯಲಿಲ್ಲ. ಪಾರವ್ವ ನನ್ನ ಪೆನ್ನು ಸುಮ್ಮನಿದ್ದದ್ದನ್ನು ನೋಡಿ ಕೂತಳು.

ಅಂತಿಮ ಅಧಿಸೂಚನೆ ಬಂತು. ನಕ್ಷೆಯಲ್ಲಿ ನಮ್ಮ ವಾರ್ಡಿನ ಗೆರೆ ನೆಟ್ಟಗೆ ಬರುತ್ತ ಬರುತ್ತ ಮೂಲೆಮನೆಯ ಹತ್ತಿರ ಒಮ್ಮೆ ಒಳಕ್ಕೆ ಸೊಟ್ಟಗಾಗಿ ಮತ್ತೆ ನೆಟ್ಟಗಾಗಿತ್ತು. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಅಳತೆಯವರು ಸುಣ್ಣದ ಪುಡಿಯಿಂದ ಗೆರೆ ಎಳೆದು ಮುಗಿಸುವುದೆಂದು ಗೊತ್ತಾಯಿತು. ವಾರ್ಡಿನವರೆಲ್ಲ ಮೂಲೆಮನೆಯ ಎದುರು ನೆರೆದೆವು. ರಾಚಣ್ಣ ಎರಡು ಬುಟ್ಟಿ ಬೂಂದಿ ಮಾಡಿಸಿದ್ದ. ಪಾರವ್ವ ತನ್ನ ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದಳು. ಅವಳ ಹಿಂದೆ ಹನ್ನೆರಡನೇ ವಾರ್ಡಿನ ಗಾರೆ ಕೆಲಸದವರು ಅಂಜಿಕೊಂಡೇ ಗುಂಪಾಗಿ ನಿಂತಿದ್ದರು. ತಾಯಂದಿರು ಕೂಸುಗಳನ್ನು ಅವುಚಿ ಹಿಡಿದಿದ್ದರು. ಆ ಕೂಸುಗಳನ್ನು ನೋಡಲಾರದೆ ನಾನು ಅಳತೆಯವನ ಕೈಯನ್ನೇ ನೋಡಿದೆ.

ಗೆರೆ ಕೂಡಿತು. ನಾವು ಉಸಿರು ಬಿಗಿಹಿಡಿದು ಕಾದೆವು. ಸೊಂಟದ ಎಡಕ್ಕೆ ಇದ್ದದ್ದು ಹೋಗಲಿಲ್ಲ, ಇನ್ನಷ್ಟು ಆಳಕ್ಕೆ ಇಳಿದು ಜಗ್ಗತೊಡಗಿತು. ಮುದುಕರೊಬ್ಬರು ಅಲ್ಲೇ ಕುಸಿದು ಕೂತರು. "ಹೆಚ್ಚಾತು! ಹೆಚ್ಚಾತು!" ಎಂದು ಹೆಂಗಸರು ಕೂಗಿದರು. ಗಾಣದ ಓಣಿಯ ಐನೂರ ಎಂಬತ್ತೆಂಟು ಪಾಲುಗಾರರು ಕಳೆದುಹೋಗಿದ್ದರು, ನೋವು ಮಾತ್ರ ನಮ್ಮ ಹತ್ತಿರವೇ ಉಳಿದಿತ್ತು. ಗೆರೆಯ ಆಚೆ ಯಾರಿಗೂ ಏನೂ ಆಗಲಿಲ್ಲ. ಒಂದು ಕೂಸು ಬೂಂದಿಯ ಬುಟ್ಟಿಯ ಕಡೆ ಕೈ ಚಾಚುತ್ತಿತ್ತು.

ಪಾರವ್ವ ಎದ್ದು ಗೆರೆಯ ತನಕ ಬಂದಳು. ಅದೇ ಬಾಗಿದ ಸೊಂಟ, ಅದೇ ಕೋಲು. "ಎಲುಬು ಸೊಟ್ಟ ಕೂಡೇತ್ರಿ ಅಕ್ಕೋರ, ಅದಕ್ಕ ಹಿಂಗ ನಡೀತೀನಿ. ನೋವು ಬೆಲ್ಲ ಹಂಚಿದ ದಿನಾನ ಹೋಗೇತಿ. ತಂಗಿ ಮಗಳ ಲಗ್ನಕ್ಕ ಗಾಡಿಯಾಗ ಹೊಳಿ ದಾಟಿದ್ನೆಲ್ಲ, ಗಡಿಕಲ್ಲು ಕಳದ ಕೂಡ್ಲೆ ಸೊಂಟ ಹಗುರಾತು, ಆಗ ಗೊತ್ತಾತು ಇದು ನಂದಲ್ಲಂತ."

"ಗೊತ್ತಿದ್ದೂ ಎರಡು ವರ್ಷ ಯಾಕ ಸುಮ್ನಿದ್ದಿ?" ನನಗೆ ಸಿಟ್ಟು ಬಂದಿತ್ತು. ತಪ್ಪು ಮಾಡಿದವಳಿಗೆ ಬರುವ ಸಿಟ್ಟು ಎಲ್ಲಕ್ಕಿಂತ ಜೋರು.

"ನಂದಲ್ಲ ಅಂದಿದ್ರ ಯಾರ್ದು ಅಂತ ಹುಡುಕ್ತಿದ್ರಿ. ಹುಡುಕಿದ್ರ ಸಿಗ್ತಿತ್ತು. ಸಿಕ್ಕವರನ್ನ ನೀವು ಏನ್ ಮಾಡ್ತಿದ್ರಿ ಅಂತ ಈಗ ನೋಡಿದ್ನೆಲ್ಲ," ಎಂದು ಅವಳು ತಿರುಗಿ ಹೋದಳು. ಬೂಂದಿಯನ್ನು ಯಾರೂ ಮುಟ್ಟಲಿಲ್ಲ.

ಅಂದು ಸಂಜೆಯೊಳಗೆ ನಮ್ಮ ವಾರ್ಡಿನಲ್ಲಿ ಯಾರೂ ಯಾರ ಕಣ್ಣನ್ನೂ ನೆಟ್ಟಗೆ ನೋಡದ ಹಾಗಾಯಿತು. ನಳದ ಹತ್ತಿರ ಕೊಡ ಎತ್ತುವಾಗ ಒಬ್ಬಳು ನರಳಿದರೆ ಉಳಿದವರು ದೂರ ಸರಿಯುತ್ತಿದ್ದರು, ಅವರೂ ಅಷ್ಟೇ ನರಳುತ್ತಿದ್ದರೂ. ರಾಚಣ್ಣ ಡಂಗುರ ಸಾರಿಸಿದ. ಮರುದಿನ ಬೆಳಿಗ್ಗೆ ವಾರ್ಡಿನ ಪ್ರತಿಯೊಬ್ಬರೂ ಎಲ್ಲರ ಕಣ್ಣೆದುರು ಸೇತುವೆ ದಾಟಬೇಕು. ಹೋದ ವಾರವಷ್ಟೇ ದಾಟಿ ಬಂದೆ, ನನಗೇನೂ ಆಗಲಿಲ್ಲ ಎಂದವರಿಗೆ, "ಬಾಯಿಮಾತು ನಡಿಯಂಗಿಲ್ಲ," ಎಂದ. ದಾಟಿದವರು ಆಚೆ ದಡದಲ್ಲೇ ನಿಲ್ಲಬೇಕು, ಯಾರದೆಂದು ಗೊತ್ತಾಗುವ ತನಕ ಮನೆಗೆ ಬರುವಂತಿಲ್ಲ. ಜನಗಣತಿಯ ಪಟ್ಟಿ ನನ್ನ ಹತ್ತಿರ ಇದ್ದದ್ದರಿಂದ ಹೆಸರು ಕರೆಯುವ ಕೆಲಸ ನನಗೇ ಬಂತು. ನಾನು ಎರಡು ವರ್ಷದಿಂದ ಹೊಳೆ ದಾಟಿರಲಿಲ್ಲ. ನನ್ನಂಥವರು ಇನ್ನೂ ನೂರಾರು ಮಂದಿ ಇದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೊದಲ ಮನೆಯವರು ನಗುತ್ತಲೇ ಹೋದರು. ಗಡಿಕಲ್ಲು ದಾಟಿದ ಕೂಡಲೇ ಬೆನ್ನು ನೆಟ್ಟಗಾಗಿಸಿ ನಮಗೆ ಕೈಬೀಸಿದರು. ಎರಡನೇ ಮನೆ, ಮೂರನೇ ಮನೆ, ಹತ್ತನೇ ಮನೆ. ಹಾಸಿಗೆ ಹಿಡಿದ ಮುದುಕಿಯನ್ನು ಹೊರಸಿನ ಸಮೇತ ಹೊತ್ತು ದಾಟಿಸಿದರು. ಬಾಣಂತಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ನೂರು ಮನೆ ಕಳೆಯುವ ಹೊತ್ತಿಗೆ ಈಚೆ ದಡದಲ್ಲಿದ್ದ ನಮಗೆ ವಿಷಯ ಅರ್ಥವಾಯಿತು. ಒಬ್ಬೊಬ್ಬರು ದಾಟಿದ ಹಾಗೆ ಉಳಿದವರ ಪಾಲು ಬೆಳೆಯುತ್ತಿತ್ತು. ಆ ತನಕ ಸಾಲಿನಲ್ಲಿ ನಿಂತವರು ನೂಕಾಡತೊಡಗಿದರು. "ಅಕ್ಕೋರ, ನಮ್ಮ ಮನಿ ನಂಬರ ಲಗೂನ ಕರೀರಿ." "ನಮ್ಮ ಹುಡುಗ ಅಳಾಕತ್ತಾನ್ರಿ, ಅವನ್ನಷ್ಟರ ಬಿಡ್ರಿ." ನಾನು ನೆಲಕ್ಕೆ ಕೂತು ಹೆಸರು ಕರೆದೆ. ಕೊನೆಯ ಐವತ್ತು ಮಂದಿ ನಡೆಯಲಾರದೆ ಓಡಿದರು, ಕೆಲವರು ತೆವಳಿದರು. ಗಡಿಕಲ್ಲು ದಾಟಿದವರು ಅಲ್ಲೇ ಎದ್ದು ನಿಂತು ಮೈ ಕೊಡವಿಕೊಂಡರು. ಯಾರೂ ತಿರುಗಿ ನಮ್ಮ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಕೊನೆಗೆ ಈಚೆ ಉಳಿದವರು ಇಬ್ಬರು. ಪಟ್ಟಿ ಹಿಡಿದ ನಾನು, ಎಲ್ಲರನ್ನೂ ಕಳಿಸಿ ಕೊನೆಗೆ ಹೋಗುತ್ತೇನೆಂದು ಮಾತು ಕೊಟ್ಟಿದ್ದ ರಾಚಣ್ಣ. ನೋವು ನಮ್ಮಿಬ್ಬರಿಗೆ ಅರ್ಧರ್ಧ. ಅವನು ಸೇತುವೆಯ ಕಟಕಟೆ ತಬ್ಬಿಕೊಂಡಿದ್ದ, ಮುಖದಲ್ಲಿ ಬೆವರು ಇಳಿಯುತ್ತಿತ್ತು. ಅವನದೋ ನನ್ನದೋ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರು ಹೋದರೆ ತಿಳಿಯುತ್ತಿತ್ತು.

"ಅಕ್ಕೋರ, ನೀವ ಮೊದಲ ಹೋಗ್ರಿ," ಎಂದ.

"ನೀವ ಸದಸ್ಯರು, ಕೊನೀಗೆ ಹೋಗ್ತೀನಿ ಅಂದವರು. ನಾ ಹೋಗ್ತೀನಿ, ನೀವ ಇರ್ರಿ," ಎಂದು ನಾನು ಏಳಲು ನೋಡಿದೆ. ಕಾಲು ಬರಲಿಲ್ಲ. ಅವನು ನನ್ನನ್ನು ನೋಡಿದ, ಸೇತುವೆಯನ್ನು ನೋಡಿದ. "ಆಗವಲ್ದು ಅಕ್ಕೋರ, ತಪ್ಪಾತು," ಎಂದು ಕಟಕಟೆ ಹಿಡಿದು ಹೊರಟೇಬಿಟ್ಟ. ಎರಡು ಸಲ ಬಿದ್ದ, ಎರಡು ಸಲ ಎದ್ದ. ನಾನು ಎಂದೂ ಬೇಡದ ದೇವರನ್ನೆಲ್ಲ ಬೇಡಿಕೊಂಡೆ, ಇದು ಅವನದಾಗಿರಲಿ ಎಂದು. ನಾಚಿಕೆಯೇನೂ ಆಗಲಿಲ್ಲ, ನಾಚಿಕೆಗೆ ಜಾಗ ಉಳಿದಿರಲಿಲ್ಲ.

ಅವನು ಗಡಿಕಲ್ಲು ದಾಟಿದ. ಪೂರ್ತಿ ನೋವು ನನ್ನ ಮೈಗೆ ಬಂತು.

ಅದನ್ನು ಹೇಗೆ ಹೇಳಲಿ? ಎರಡು ವರ್ಷ ಅದು ನನ್ನೊಳಗೇ ಬೆಳೆದಿತ್ತು, ಸಾವಿರದ ಒಂಬೈನೂರು ಜನ ಅದನ್ನು ಹೊತ್ತು ತಿರುಗಿದ್ದರು, ನಾನು ರವಿಕೆ ಸಡಿಲವಾಯಿತೆಂದು ಎರಡು ಸಲ ಹೊಲಿಗೆ ಒಳಗೆ ಹಾಕಿಕೊಂಡು ಅರ್ಜಿ ಬರೆಯುತ್ತ ಕೂತಿದ್ದೆ. ಉಸಿರು ಎಳೆದರೆ ಸೊಂಟದಿಂದ ಕುತ್ತಿಗೆಯ ತನಕ ಕೊಯ್ಯುತ್ತಿತ್ತು. ಮಣ್ಣಿಗೆ ಮುಖ ಹಚ್ಚಿ ಮಲಗಿದೆ. ಆಚೆ ದಡದಲ್ಲಿ ರಾಚಣ್ಣ ಬೆನ್ನು ನೆಟ್ಟಗೆ ಮಾಡಿ ನಿಂತದ್ದು ಕಾಣಿಸಿತು. ಅವನ ಮುಖ ಮಗುವಿನ ಮುಖದಂತೆ ಅರಳಿತು. ಅವನ ಜಾಗದಲ್ಲಿ ನಾನಿದ್ದರೂ ನನ್ನ ಮುಖ ಹಾಗೆಯೇ ಅರಳುತ್ತಿತ್ತು. ಆಮೇಲೆ ಅವನು ನನ್ನ ಕಡೆ ನೋಡಿದ, ಎಲ್ಲರೂ ನೋಡಿದರು. ಹದಿಮೂರು ನೂರು ಜನ, ಅವರಲ್ಲಿ ಅರ್ಧದಷ್ಟು ಜನಕ್ಕೆ ಅಕ್ಷರ ಕಲಿಸಿದವಳು ನಾನು.

"ಗೊತ್ತಾತಲ್ಲ, ಇನ್ನ ಮನೀಗೆ ಬರ್ರಿ!" ಎಂದು ಕೂಗಿದೆ. ದನಿ ಅಲ್ಲಿಗೆ ಮುಟ್ಟಿತು, ಯಾಕೆಂದರೆ ಕೆಲವರು ತಲೆ ತಗ್ಗಿಸಿದರು. ಬಂದು ಮನೆಯ ಹೊಸ್ತಿಲು ತುಳಿದರೆ ಪಾಲು ಮತ್ತೆ ಅವರ ಮೈಗೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಮ್ಮೆ ಹಿಂಡುವ ಹೊತ್ತು ಮೀರಿತ್ತು, ಒಲೆಯ ಮೇಲೆ ಬೇಳೆ ಇಟ್ಟು ಬಂದವರಿದ್ದರು. ಆದರೂ ಯಾರೂ ಅಲುಗಲಿಲ್ಲ.

ಬಹಳ ಹೊತ್ತಿನ ಮೇಲೆ ರಾಚಣ್ಣ ಕೈ ಬಾಯಿಗೆ ಹಚ್ಚಿ, "ಅಕ್ಕೋರ, ತಪ್ಪ ತಿಳ್ಕೋಬ್ಯಾಡ್ರಿ. ಇನ್ನೂ ತಿದ್ದುಪಡಿಗೆ ಎಂಟ ದಿನ ಅವಕಾಶ ಐತಿ. ನೀವ ಸ್ವಂತ ಒಂದ ಅರ್ಜಿ ಬರದ ಕೊಟ್ರ..." ಎಂದ.

"ಏನಂತ ಬರೀಲಿ ರಾಚಣ್ಣ? ಚರಂಡಿ ಇಳಿಜಾರ ಐತಿ ಅಂತ ಬರೀಲ್ಯಾ?" ಎಂದೆ.

ಕೋಲಿನ ಸಪ್ಪಳ ಕೇಳಿ ತಲೆ ಎತ್ತಿದೆ. ಪಾರವ್ವ ಬಂದು ನನ್ನ ಪಕ್ಕ ಕೂತಳು. ಬಯ್ಯುತ್ತಾಳೆಂದುಕೊಂಡೆ, ಬಯ್ದಿದ್ದರೆ ಹಗುರಾಗುತ್ತಿತ್ತು. ಅವಳು ನನ್ನ ಬಾಯಿಗೆ ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸಿದಳು. "ಡಾಕ್ಟರಿಗೆ ತೋರಿಸಬೇಕಂದ್ರ ಮೊದಲು ಮೈ ನಿಲ್ಲಬೇಕು. ಒಮ್ಮೆ ಹೊಳಿ ದಾಟಿ ಬಂದು ನಮ್ಮ ಹೊಸ್ತಲಾ ತುಳೀರಿ. ನಾ ಈಗ ಹನ್ನೆರಡನೇ ವಾರ್ಡಿನಾಕಿ, ನಿಮ್ಮ ಅಕ್ಷರದ ಪುಣ್ಯಾ."

"ಅಲ್ಲಿ ಅರವತ್ನಾಕ ಮಂದಿ ಅದಾರ ಪಾರವ್ವ. ತಡಿಯಂಗಿಲ್ಲ ಅವರು."

"ಅದಕ್ಕ ಕೇಳಿ ಬರ್ತೀನಿ. ಕೇಳದ ಹೊರಿಸಿದ್ರ ನಿಮಗೂ ನನಗೂ ಏನ್ ಫರಕು? ಒಂದ ಮನಿಯವರು ಒಲ್ಲೆ ಅಂದ್ರೂ ಒಯ್ಯಂಗಿಲ್ಲ, ಈಗ ಹೇಳಿರ್ತೀನಿ," ಎಂದು ಎದ್ದಳು.

ಸೇತುವೆಯ ಬಾಯಿಂದ ಬಡಾವಣೆ ಪೂರಾ ಕಾಣುತ್ತದೆ. ಪಾರವ್ವ ಬಾಗಿದ ಸೊಂಟದಲ್ಲೇ ಬೀಗ ಹಾಕಿದ ಮನೆಗಳನ್ನು ಬಿಟ್ಟು ಬಿಟ್ಟು ಒಂದೊಂದೇ ಬಾಗಿಲಿಗೆ ಹೋದಳು. ನಾನು ಬೆರಳು ಮಡಚಿ ಎಣಿಸಿದೆ. ಒಂದು ಮನೆಯವರು ಬೇಗ ತಲೆಯಾಡಿಸಿದರು. ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಜಗಳಾಡಿದ್ದು ಕೈಗಳ ಓಡಾಟದಿಂದ ತಿಳಿಯಿತು. ಅವರ ಜಗಳ ಮುಗಿಯುವ ತನಕ ಪಾರವ್ವ ಮೆಟ್ಟಿಲ ಮೇಲೆ ಕೂತು ಕಾದಳು. ಒಬ್ಬ ಮೇಸ್ತ್ರಿ ಹೊರಗೆ ಬಂದು ನನ್ನ ಕಡೆ ದಿಟ್ಟಿಸಿ ನೋಡಿ ಒಳಗೆ ಹೋದ. ನನಗೆ ಆ ಬಾಗಿಲುಗಳ ಹಿಂದಿದ್ದ ಹೆಸರೆಲ್ಲ ನೆನಪಿದ್ದವು, ನಾನೇ ಬರೆದುಕೊಂಡವು. ಎಷ್ಟು ಜನ ಎಂದು ಕೇಳಿದ್ದೆ, ಬೇರೆ ಏನನ್ನೂ ಕೇಳಿರಲಿಲ್ಲ. ಆಚೆ ದಡದಲ್ಲಿ ನಮ್ಮ ವಾರ್ಡಿನವರೂ ಸದ್ದಿಲ್ಲದೆ ಅವಳನ್ನೇ ನೋಡುತ್ತಿದ್ದರು. ಹದಿನೇಳನೇ ಬಾಗಿಲಲ್ಲಿ ಅವಳು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಳು. ನಾನು ಆಸೆ ಬಿಟ್ಟೆ.

ಅವಳು ತಿರುಗಿ ಬಂದಳು. "ಹದಿನಾರ ಮನಿಯವರು ಹೂಂ ಅಂದ್ರು," ಎಂದಳು. "ಕಡೀ ಮನಿ ಹುಲಿಗೆವ್ವಂದು. ತುಂಬಿದ ಬಸುರಿ, ಇವತ್ತೋ ನಾಳಿಯೋ ಅನ್ನಂಗ ಅದಾಳ."

"ಆಕಿ ಒಲ್ಲೆ ಅಂದ್ರ ತಪ್ಪಿಲ್ಲ," ಎಂದೆ.

"ಆಕಿ ನಿಮ್ಮನ್ನ ಒಂದ ಪ್ರಶ್ನೆ ಕೇಳ್ಯಾಳ. ಇಷ್ಟ ಕಡಿಮಿ ಮಂದಿ ಹಂಚ್ಕೊಂಡ್ರ ನನ್ನ ಹೆರಿಗಿ ಅರ್ಧ ಜೀವಾ ತಗೋತೈತಿ, ಅಕ್ಕೋರು ಬಂದ್ರ ಒಬ್ಬರು ಹೆಚ್ಚಾಗ್ತೀವಿ. ಬಂದ ಮ್ಯಾಲ ನನ್ನ ಪಾಲು ತಪ್ಪಿಸ್ಕೊಂಡು ಹೊಳಿ ದಾಟಿ ಓಡಿ ಹೋಗಂಗಿಲ್ಲಲ್ಲ, ಕೇಳ್ಕೊಂಡ ಬಾ ಅಂದ್ಲು."

ಅಲ್ಲಿಯ ತನಕ ತಡೆದಿದ್ದ ಅಳು ಆಗ ಬಂತು. "ಇರ್ತೀನಿ ಅಂತ ಹೇಳು," ಎಂದೆ.

"ನೀವ ಬಂದ ಹೇಳ್ರಿ," ಎಂದು ಪಾರವ್ವ ತನ್ನ ಕೋಲನ್ನು ನನ್ನ ಕೈಗೆ ಕೊಟ್ಟಳು.

ಸೇತುವೆ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಗಡಿಕಲ್ಲಿನ ಹತ್ತಿರ ನಮ್ಮ ವಾರ್ಡಿನವರು ಎರಡು ಭಾಗವಾಗಿ ದಾರಿ ಬಿಟ್ಟರು. ನಾನು ಕಲ್ಲು ದಾಟಿ ಅವರ ನಡುವೆ ಒಂದು ಗಳಿಗೆ ನಿಂತೆ. ಅವರನ್ನು ಬಯ್ಯಲು ನನಗೆ ಮುಖವಿರಲಿಲ್ಲ, ಅವರು ಮಾಡಿದ್ದನ್ನೆಲ್ಲ ನನ್ನ ಕೈಯಿಂದಲೇ ಬರೆದಿದ್ದೆ. ತಿರುಗಿ ನಡೆದೆ. ಈಚೆ ಬಂದು ಪಾರವ್ವನ ಮನೆಯ ದಾರಿ ಬಿಟ್ಟು ಬಡಾವಣೆಯ ಕೊನೆಯ ಗುಡಿಸಲಿನ ಕಡೆ ಹೋದೆ. ಹುಲಿಗೆವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ನನಗೆ ಮಗಳಿದ್ದರೆ ಅವಳ ವಯಸ್ಸೂ ಇರಲಿಕ್ಕಿಲ್ಲ.

"ಇರ್ತೀನಿ ತಂಗಿ," ಎಂದೆ.

ಹೊಸ್ತಿಲು ತುಳಿದೆ. ಅವಳು "ಅವ್ವಾ" ಎಂದು ಚೌಕಟ್ಟು ಹಿಡಿದು ಕಣ್ಣು ಮುಚ್ಚಿದಳು. ಬಡಾವಣೆಯ ಮನೆಮನೆಯಿಂದಲೂ ಅದೇ ಸದ್ದು ಬಂತು, ಕೂಸುಗಳು ಅತ್ತವು. ನಾನು ನೆಟ್ಟಗೆ ನಿಂತೆ. ಹುಲಿಗೆವ್ವ ಎರಡು ಸಲ ಉಸಿರು ಎಳೆದುಕೊಂಡಳು, ಹಣೆಯ ಬೆವರು ಒರೆಸಿಕೊಂಡಳು, ಬಾಗಿಲಿನಿಂದ ಸರಿದು ನನಗೆ ದಾರಿ ಬಿಟ್ಟಳು.

"ಒಳಗ ಬರ್ರಿ ಅಕ್ಕೋರ," ಎಂದಳು.